ಪರದೆ ಎದ್ದ ಮೇಲೆ ಹಣ ವಾಪಸಿಲ್ಲ

ಕೇಳುಗರೆ, ನಮಸ್ಕಾರ.

ನಮ್ಮ ಧಾರವಾಡ, ಬೆಳಗಾವಿಗಳು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಿಂದ ಮಾತು ಶುರುಮಾಡುತ್ತೇನೆ. 1848ರಿಂದ 1853ರವರೆಗೆ ಮುಂಬಯಿಯ ಗವರ್ನರ್ ಆಗಿದ್ದವನು ಲಾರ್ಡ್ ಫಾಕ್‌ಲಂಡ್. ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿದ್ದು ಇವನ ಕಾಲದಲ್ಲೇ. ಇವನ ಹೆಂಡತಿಯ ಹೆಸರು ಅಮೇಲಿಯಾ. ಇಂಗ್ಲೆಂಡಿನ ರಾಜನೊಬ್ಬನ ಮಗಳು, ಆದರೆ ರಾಜಕುಮಾರಿಯಲ್ಲ. 1852ರಲ್ಲಿ ಮುಂಬಯಿ ಸೈನ್ಯದ ಮಹಾದಂಡನಾಯಕನಾಗಿ ಬಂದವನು ಅವಳ ಅಣ್ಣ ಫ್ರೆಡರಿಕ್. ಬೆಳಗಾವಿಯ ದಂಡೂ ಅವನ ಕೈಕೆಳಗಿತ್ತು. ಅವನೂ ರಾಜನ ಮಗ, ರಾಜಕುಮಾರನಲ್ಲ. ತಂಗಿಯ ಗಂಡ ಗವರ್ನರ್, ಅಣ್ಣ ಸೇನಾಪತಿ. ಅಣ್ಣ ತಂಗಿ ಇಬ್ಬರಿಗೂ ಹುಟ್ಟಿದ ಮನೆಯಿಂದ ಬಂದ ಹೆಸರು ಫಿಟ್ಸ್‌ಕ್ಲಾರೆನ್ಸ್. ಫಿಟ್ಸ್ ಎಂದರೆ ಮಗ. ಕ್ಲಾರೆನ್ಸ್ ಡ್ಯೂಕ್ ಅನ್ನುವುದು ಇವರ ತಂದೆಗೆ ರಾಜನಾಗುವ ಮೊದಲು ಇದ್ದ ಬಿರುದು, ಅವನ ಮಕ್ಕಳು ಎಂದು ಅರ್ಥ. ಅರಮನೆಯವರ ಮದುವೆಯಿಲ್ಲದ ಸಂಬಂಧದಲ್ಲಿ ಹುಟ್ಟಿದವರಿಗೆ ಹೀಗೊಂದು ಹೆಸರು ಕೊಟ್ಟು ಬಾಗಿಲ ಹೊರಗೆ, ಆದರೆ ಜಗಲಿಯ ಮೇಲೆ ಕೂರಿಸುವ ರೂಢಿ ಅಲ್ಲಿತ್ತು.

ಇವರ ತಾಯಿ ನಾಟಕದವಳು. ಇವತ್ತಿನ ಮಾತೆಲ್ಲ ಆಕೆಯ ಬಗ್ಗೆ.

ಹೆಸರು ಡೊರೊಥಿಯಾ. ಜನ ಡೋರಾ ಅನ್ನುತ್ತಿದ್ದರು. ಹುಟ್ಟಿದ್ದು 1761ರಲ್ಲಿ. ತಂದೆ ಫ್ರಾನ್ಸಿಸ್ ಬ್ಲಾಂಡ್ ಐರ್ಲೆಂಡಿನ ದೊಡ್ಡ ಮನೆತನದವನು. ತಾಯಿ ಗ್ರೇಸ್ ಫಿಲಿಪ್ಸ್ ವೇಲ್ಸ್ ದೇಶದ ಪಾದ್ರಿಯೊಬ್ಬನ ಮಗಳು, ನಾಟಕಕ್ಕೆ ಸೇರಿದವಳು. ಮಕ್ಕಳಾದ ಮೇಲೆ ಅಪ್ಪ ಆಸ್ತಿವಂತ ಹೆಣ್ಣೊಬ್ಬಳನ್ನು ಮದುವೆಯಾಗಿ ಈ ಮನೆಯನ್ನು ಬಿಟ್ಟುಹೋದ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಹದಿಹರೆಯದಲ್ಲೇ ಡೋರಾ ಡಬ್ಲಿನ್‌ನಲ್ಲಿ ಮುಖಕ್ಕೆ ಬಣ್ಣ ಹಚ್ಚಿದಳು. ಮನೆಮಂದಿಯ ಹೊಟ್ಟೆಪಾಡು ಅವಳ ತಲೆಯ ಮೇಲೆ ಬಿತ್ತು. ಅಲ್ಲಿನ ನಾಟಕಶಾಲೆಯ ಯಜಮಾನ ರಿಚರ್ಡ್ ಡೇಲಿ ಅವಳಿಗೆ ಸಾಲ ಕೊಟ್ಟ, ಆ ಸಾಲವನ್ನೇ ಹಗ್ಗ ಮಾಡಿಕೊಂಡು ಅವಳನ್ನು ಕಟ್ಟಿಹಾಕಿದ. 1782ರಲ್ಲಿ ಬಸುರಿ ಹುಡುಗಿ ತಾಯಿ, ಒಡಹುಟ್ಟಿದವರನ್ನು ಕರೆದುಕೊಂಡು ಸಮುದ್ರ ದಾಟಿ ಇಂಗ್ಲೆಂಡಿಗೆ ಓಡಿಬಂದಳು. ಲೀಡ್ಸ್ ಊರಿನಲ್ಲಿ ಟೇಟ್ ವಿಲ್ಕಿನ್ಸನ್ ಎಂಬ ಕಂಪನಿ ಮಾಲೀಕ ಸಿಕ್ಕಿದ. ದುರಂತವೋ, ಹಾಸ್ಯವೋ, ಪ್ರಹಸನವೋ, ಏನು ಮಾಡಬಲ್ಲೆ ಎಂದು ಕೇಳಿದ. ಎಲ್ಲವನ್ನೂ, ಅಂದಳು. ಅವನು ಬೆರಗಾದನಂತೆ, ಆದರೆ ಕೆಲಸ ಕೊಟ್ಟ.

ಹೊಟ್ಟೆ ಕಾಣಿಸತೊಡಗಿದ ಹೆಣ್ಣಿಗೆ ಹೆಸರಿನ ಹಿಂದೆ ಒಂದು ‘ಮಿಸೆಸ್’ ಬೇಕಲ್ಲ! ವಿಲ್ಕಿನ್ಸನ್ ತಮಾಷೆಗೆ ಬೈಬಲ್ಲಿನ ನದಿಯೊಂದರ ಹೆಸರು ಹೇಳಿದ. ಕಷ್ಟದ ನಾಡಿನಿಂದ ನೀರು ದಾಟಿ ಬಂದವಳು ನೀನು, ಜೋರ್ಡನ್ ದಾಟಿದವಳು. ಅಲ್ಲಿಂದ ಅವಳು ಮಿಸೆಸ್ ಜೋರ್ಡನ್. ಮಿಸ್ಟರ್ ಜೋರ್ಡನ್ ಎಂಬ ಮನುಷ್ಯ ಈ ಭೂಮಿಯ ಮೇಲೆ ಇರಲೇ ಇಲ್ಲ.

ಮೂರು ವರ್ಷ ಯಾರ್ಕ್‌ಶೈರಿನ ಊರೂರು ತಿರುಗಿದ ಮೇಲೆ 1785ರ ಅಕ್ಟೋಬರಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರ. ಮೊದಲ ಪಾತ್ರ ಹಳ್ಳಿಹುಡುಗಿ ಪೆಗ್ಗಿ. ವಾರಕ್ಕೆ ನಾಲ್ಕು ಪೌಂಡ್ ಸಂಬಳ. ಅದು ಎಂಟಾಯಿತು, ಹನ್ನೆರಡಾಯಿತು. ಆಗ ಅದೇ ರಂಗದಲ್ಲಿ ದುರಂತ ಪಾತ್ರಗಳ ಮಹಾರಾಣಿ ಸಾರಾ ಸಿಡನ್ಸ್ ಮೆರೆಯುತ್ತಿದ್ದಳು. ಅವಳು ಜನರನ್ನು ಅಳಿಸುತ್ತಿದ್ದಳು, ಇವಳು ನಗಿಸಿದಳು. ಗಂಡುವೇಷ ಹಾಕುವ ಹೆಣ್ಣುಪಾತ್ರಗಳೆಂದರೆ ಇವಳದ್ದೇ. ಶೇಕ್ಸ್‌ಪಿಯರನ ವಯೋಲಾ, ರೊಸಾಲಿಂಡ್ ಆಗಿ ಷರಾಯಿ ತೊಟ್ಟು ಬಂದರೆ ಮಂದಿರ ಭರ್ತಿ. ಅವಳ ನಗುವೊಂದನ್ನು ಕೇಳುವುದಕ್ಕೇ ದುಡ್ಡು ಕೊಡಬಹುದು ಅನ್ನುವವರಿದ್ದರು. ವಿಮರ್ಶಕ ಹ್ಯಾಜ್ಲಿಟ್ ಆ ನಗುವನ್ನು ದೇವತೆಗಳ ಪಾನಕ್ಕೆ ಹೋಲಿಸಿದ್ದಾನೆ. ನೋಡಿ, ನಗುವಿಗೆ ದಾಖಲೆಯಿಲ್ಲ. ಧ್ವನಿಮುದ್ರಣ ಬರಲು ಇನ್ನೂ ನೂರು ವರ್ಷ ಬೇಕಿತ್ತು. ಬಾನುಲಿಯಲ್ಲಿ ಕೂತು ಅದನ್ನು ವರ್ಣಿಸಬೇಕಾದ ನನ್ನ ಪಾಡು ನಿಮಗೆ ಅರ್ಥವಾದೀತು.

ಈ ನಡುವೆ ರಿಚರ್ಡ್ ಫೋರ್ಡ್ ಎಂಬ ವಕೀಲನ ಜೊತೆ ಸಂಸಾರ. ಮದುವೆಯಾಗುತ್ತೇನೆ ಅನ್ನುತ್ತಿದ್ದವನು ಆಗಲಿಲ್ಲ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಇನ್ನೊಬ್ಬ ನೋಡತೊಡಗಿದ್ದ. ಮೂರನೆಯ ಜಾರ್ಜ್ ದೊರೆಯ ಮೂರನೆಯ ಮಗ ವಿಲಿಯಂ, ಡ್ಯೂಕ್ ಆಫ್ ಕ್ಲಾರೆನ್ಸ್. ಹದಿಮೂರನೆಯ ವಯಸ್ಸಿಗೇ ನೌಕಾದಳಕ್ಕೆ ಹೋದವನು. ಮಾತು ಒರಟು, ಮನಸ್ಸು ಕೆಟ್ಟದ್ದಲ್ಲ. ಡೋರಾಗಿಂತ ನಾಲ್ಕು ವರ್ಷ ಚಿಕ್ಕವನು. ಇಬ್ಬರು ಅಣ್ಣಂದಿರು ಮುಂದಿದ್ದರಿಂದ ಇವನು ರಾಜನಾದಾನು ಎಂದು ಆಗ ಯಾರೂ ಅಂದುಕೊಂಡಿರಲಿಲ್ಲ.

1791ರಲ್ಲಿ ಇಬ್ಬರೂ ಕೂಡಿದರು. ಮದುವೆಯ ಪ್ರಶ್ನೆಯೇ ಇಲ್ಲ. 1772ರ ರಾಜವಿವಾಹ ಕಾಯಿದೆಯ ಪ್ರಕಾರ ದೊರೆಯ ಒಪ್ಪಿಗೆ ಬೇಕು, ನಾಟಕದವಳಿಗೆ ಅದು ಸಿಗುವ ಮಾತಲ್ಲ. ಡೋರಾ ತಾನು ಕೂಡಿಟ್ಟ ಹಣವನ್ನು ಫೋರ್ಡನಿಂದ ತನಗಾದ ಮಕ್ಕಳಿಗೆ ಬರೆದುಕೊಟ್ಟು ಡ್ಯೂಕನ ಮನೆಗೆ ಬಂದಳು. ವ್ಯಂಗ್ಯಚಿತ್ರಗಾರರಿಗೆ ಹಬ್ಬ. ಆಗಿನ ಇಂಗ್ಲಿಷಿನ ಆಡುಮಾತಿನಲ್ಲಿ ಜೋರ್ಡನ್ ಎಂದರೆ ರಾತ್ರಿ ಮಂಚದ ಕೆಳಗಿಡುವ ಮೂತ್ರದ ಪಾತ್ರೆ. ಗಿಲ್ರೇ ಎಂಬ ಚಿತ್ರಕಾರ ಒಡೆದ ಪಾತ್ರೆಯೊಳಗೆ ಡ್ಯೂಕನನ್ನು ತೂರಿಸಿ ಬರೆದ. ಲಂಡನ್ನೆಲ್ಲ ನಕ್ಕಿತು. ಅದೇ ಡಿಸೆಂಬರಿನಲ್ಲಿ ರಂಗದ ಮೇಲೆ ಬಂದಾಗ ಜನ ಕೂಗಿ ಗದ್ದಲವೆಬ್ಬಿಸಿದರು. ಅವಳು ನೇರ ಮುಂದೆ ಬಂದು, ನಿಜವಾಗಿ ಕಾಯಿಲೆಯಾದಾಗ ಬಿಟ್ಟರೆ ಎಂದೂ ಕೆಲಸ ತಪ್ಪಿಸಿದವಳಲ್ಲ ನಾನು, ನನ್ನನ್ನು ನಿಮ್ಮ ಆಶ್ರಯಕ್ಕೆ ಬಿಟ್ಟಿದ್ದೇನೆ ಅಂದಳು. ಗದ್ದಲ ಚಪ್ಪಾಳೆಯಾಯಿತು.

ಒಂದು ಕಥೆ ಚಾಲ್ತಿಯಲ್ಲಿದೆ. ಮಗ ಅವಳಿಗೆ ವರ್ಷಕ್ಕೆ ಸಾವಿರ ಪೌಂಡ್ ಕೊಡುತ್ತಾನೆಂದು ಕೇಳಿದ ದೊರೆ, ಐನೂರು ಸಾಕು ಅಂದನಂತೆ. ಡ್ಯೂಕ್ ಅಳುಕುತ್ತ ಅವಳಿಗೆ ಹಾಗೆಂದು ಬರೆದ. ಉತ್ತರವಾಗಿ ಬಂದದ್ದು ನಾಟಕದ ಹಸ್ತಪತ್ರಿಕೆಯ ಕೆಳಗಿನ ಹರಿದ ಚೂರು. ಅದರಲ್ಲಿ ಅಚ್ಚಾಗಿದ್ದ ಸಾಲು: ಪರದೆ ಎದ್ದ ಮೇಲೆ ಹಣ ವಾಪಸು ಕೊಡುವುದಿಲ್ಲ. ನಡೆದದ್ದೇ ಆಗಿರಲಿ, ಕಟ್ಟಿದ್ದೇ ಆಗಿರಲಿ, ಕಥೆ ಚಂದ. ಆದರೆ ನನಗೆ ಅದು ತಲೆಕೆಳಗಾಗಿ ಕಾಣುತ್ತದೆ. ಯಾಕೆಂದರೆ ಆ ಮನೆಯಲ್ಲಿ ದುಡಿದು ತರುತ್ತಿದ್ದವಳು ಅವಳು. ಡ್ಯೂಕನಿಗೆ ಪಾರ್ಲಿಮೆಂಟು ವರ್ಷಕ್ಕೆ 12,000 ಪೌಂಡ್ ಗೊತ್ತುಮಾಡಿತ್ತು, ಅವನ ಸಾಲ ಅದಕ್ಕಿಂತ ಉದ್ದ. ಡೋರಾ ಬಸುರಿಯಾಗಿದ್ದಾಗಲೂ ಆಡಿದಳು, ಬಾಣಂತನ ಮುಗಿಯುತ್ತಿದ್ದಂತೆ ಮತ್ತೆ ರಂಗಕ್ಕೆ ಬಂದಳು, ರಜೆಯ ದಿನಗಳಲ್ಲಿ ಬಾತ್, ಮಾರ್ಗೇಟ್ ಎಂದು ಗಾಡಿಯಲ್ಲಿ ಅಲೆದಳು. ಹೋದ ಕಡೆಯಿಂದ ಮನೆಗೆ ಕಾಗದ ಬರೆದಳು. ಅವನು ಇವಳನ್ನು ಸಾಕುತ್ತಾನೋ, ಇವಳು ಅವನನ್ನು ಸಾಕುತ್ತಾಳೋ ಎಂದು ಕೇಳುವ ಪದ್ಯವೊಂದು ಊರೆಲ್ಲ ಓಡಾಡಿತು. ಪದ್ಯ ಬರೆದವನು ತುಂಟ, ಆದರೆ ಲೆಕ್ಕ ಸರಿಯಿತ್ತು.

ಹಾಗೆಂದು ಪ್ರೀತಿಯಿರಲಿಲ್ಲ ಅನ್ನಲಾರೆ. 1797ರಲ್ಲಿ ಹ್ಯಾಂಪ್ಟನ್ ಕೋರ್ಟ್ ಬಳಿಯ ಬುಶಿ ಉದ್ಯಾನದ ಉಸ್ತುವಾರಿ ವಿಲಿಯಂಗೆ ಸಿಕ್ಕಿತು, ಜೊತೆಗೆ ದೊಡ್ಡ ಮನೆ. ಅಲ್ಲಿ ಹೊಲ, ಹುಲ್ಲು, ಮಕ್ಕಳು. 1794ರಿಂದ 1807ರ ಒಳಗೆ ಹತ್ತು ಮಕ್ಕಳು, ಐದು ಗಂಡು, ಐದು ಹೆಣ್ಣು. ಒಂದೂ ಎಳವೆಯಲ್ಲಿ ತೀರಿಕೊಳ್ಳಲಿಲ್ಲ. ಆ ಕಾಲಕ್ಕೆ ಅದೇ ಒಂದು ಪವಾಡ. 1806ರಲ್ಲಿ ಡ್ಯೂಕನ ಹುಟ್ಟುಹಬ್ಬದ ಊಟಕ್ಕೆ ಬಂದ ಅಣ್ಣ, ಯುವರಾಜ, ಡೋರಾಳ ಕೈ ಹಿಡಿದು ನಡೆಸಿಕೊಂಡು ಹೋಗಿ ಮೇಜಿನ ತುದಿಯಲ್ಲಿ ಯಜಮಾನಿಯ ಜಾಗದಲ್ಲಿ ಕೂರಿಸಿದ. ಪತ್ರಿಕೆಗಳು ಉರಿದುಬಿದ್ದವು.

ಮಾವ ಅನ್ನಬಹುದಾದ ದೊರೆಯೂ ಅವಳ ನಾಟಕ ನೋಡುತ್ತಿದ್ದ. 1800ರ ಮೇ 15ರಂದು ಡ್ರೂರಿ ಲೇನಿನಲ್ಲಿ ದೊರೆ ತನ್ನ ಆಸನಕ್ಕೆ ಬರುತ್ತಿದ್ದಂತೆ ಹ್ಯಾಡ್‌ಫೀಲ್ಡ್ ಎಂಬವನು ಗುಂಡು ಹಾರಿಸಿದ. ಗುರಿ ತಪ್ಪಿತು. ಅಂದಿನ ನಾಯಕಿ ಡೋರಾ. ಅವನು ಸಿಕ್ಕಿಬಿದ್ದಿದ್ದಾನೆ ಎಂದು ರಂಗದ ಮೇಲಿಂದ ಹೇಳಿ ಜನರನ್ನು ಸಮಾಧಾನಪಡಿಸಿದಳು. ಆಮೇಲೆ ನಾಟಕ ನಡೆಯಿತು.

1811ರ ಅಕ್ಟೋಬರ್. ಡೋರಾಗೆ ಐವತ್ತರ ಹತ್ತಿರ. ಚೆಲ್ಟನ್‌ಹ್ಯಾಮ್ ಊರಿನಲ್ಲಿ ನಾಟಕ. ಸಂಜೆ ಡ್ಯೂಕನ ಕಾಗದ ಬಂತು, ಮೇಡನ್‌ಹೆಡ್‌ಗೆ ಬಾ, ಕೊನೆಯ ಸಲ ಭೇಟಿಯಾಗೋಣ ಎಂದು. ಇಪ್ಪತ್ತು ವರ್ಷದ ಮೇಲೆ! ಜೊತೆಯವರು ಇವತ್ತು ಆಡಬೇಡ ಅಂದರೂ ಕೇಳಲಿಲ್ಲ. ಚಪ್ಪಲಿ ಹೊಲಿಯುವವನ ಹೆಂಡತಿ ನೆಲ್‌ಳ ಪಾತ್ರ, ಅವಳ ಹಳೆಯ ಗೆಲುವಿನ ಪಾತ್ರ. ಒಂದು ಕಡೆ ಅವಳು ಬಿದ್ದು ಬಿದ್ದು ನಗಬೇಕು, ಎದುರಿನವನು ‘ಮಂತ್ರವಾದಿ ನಿನಗೆ ನಗುವಷ್ಟು ಕುಡಿಸಿದ್ದಾನೆ’ ಅನ್ನಬೇಕು. ನಗಲು ಬಾಯಿ ತೆರೆದಳು. ಅಳು ಬಂತು. ಎದುರಿನ ನಟ ಒಂದು ಕ್ಷಣ ತಡೆದು, ‘ಅಯ್ಯೋ ನೆಲ್, ಮಂತ್ರವಾದಿ ನಿನಗೆ ಅಳುವಷ್ಟು ಕುಡಿಸಿದ್ದಾನಲ್ಲ’ ಎಂದು ಮಾತು ತಿರುಗಿಸಿದ. ಒಳ್ಳೆಯ ನಟ. ನಾಟಕ ಮುಗಿದ ಮೇಲೆ ವೇಷವನ್ನೂ ಬಿಚ್ಚದೆ ಗಾಡಿ ಹತ್ತಿದಳು.

ಡ್ಯೂಕನಿಗೆ ಏನಾಗಿತ್ತು? ಸಾಲ ಕುತ್ತಿಗೆಗೆ ಬಂದಿತ್ತು, ಶ್ರೀಮಂತ ಹೆಣ್ಣು ಬೇಕಿತ್ತು. ಕ್ಯಾಥರೀನ್ ಟಿಲ್ನಿ ಲಾಂಗ್ ಎಂಬ, ಇನ್ನೂ ಇಪ್ಪತ್ತೆರಡರ ಆಸ್ತಿವಂತೆಯ ಹಿಂದೆ ಬಿದ್ದಿದ್ದ. ಡೋರಾಳ ಅಪ್ಪ ಮಾಡಿದ್ದು ಇದನ್ನೇ ಅಲ್ಲವೆ? ವ್ಯತ್ಯಾಸ ಇಷ್ಟೆ, ಅಪ್ಪನಿಗೆ ಆ ಹೆಣ್ಣು ಸಿಕ್ಕಿದಳು, ಇವನಿಗೆ ಸಿಗಲಿಲ್ಲ. ಕ್ಯಾಥರೀನ್ ಬೇರೆಯವನನ್ನು ಮದುವೆಯಾದಳು. ಡೋರಾ ಮಾತ್ರ ಗೆಳೆಯರಿಗೆ ಬರೆದ ಕಾಗದದಲ್ಲಿ ಅವನನ್ನು ಬೈಯಲಿಲ್ಲ. ಎಲ್ಲ ಹಣದ ಕೆಲಸ ಅಂದಳು. ಅಷ್ಟು ಉದಾರತನ ನನಗಿಲ್ಲ.

ಜೀವನಾಂಶ ವರ್ಷಕ್ಕೆ 4,400 ಪೌಂಡ್ ಎಂದು ಬರವಣಿಗೆಯಾಯಿತು. ಸಣ್ಣ ಹೆಣ್ಣುಮಕ್ಕಳು ಅವಳ ಬಳಿ. ಒಂದು ಷರತ್ತು: ಮತ್ತೆ ರಂಗದ ಮೇಲೆ ಕಾಲಿಟ್ಟರೆ ಆ ಮಕ್ಕಳೂ, ಅವರಿಗೆಂದು ಕೊಡುವ 1,500 ಪೌಂಡೂ ಅವಳ ಕೈಬಿಡಬೇಕು. ಇಪ್ಪತ್ತು ವರ್ಷ ಯಾವ ರಂಗದ ದುಡ್ಡು ಆ ಮನೆಗೆ ಬಂದಿತ್ತೋ, ಈಗ ಅದೇ ರಂಗ ಮೈಲಿಗೆ. ಡೇಲಿ, ಫೋರ್ಡರಿಂದಾದ ದೊಡ್ಡ ಹೆಣ್ಣುಮಕ್ಕಳು, ಅಳಿಯಂದಿರು ಇವಳ ಮೇಲೇ ಆತುಕೊಂಡಿದ್ದರು. ಡೋರಾ ಮತ್ತೆ ಬಣ್ಣ ಹಚ್ಚಿದಳು. ಮಕ್ಕಳು ಹೋದರು. ಕೊನೆಯವಳು ಅಮೇಲಿಯಾಳಿಗೆ ತಂದೆತಾಯಿ ಬೇರೆಯಾದಾಗ ನಾಲ್ಕು ವರ್ಷ.

ಆಮೇಲೆ ಅಳಿಯನೊಬ್ಬ ಅವಳು ನಂಬಿ ಸಹಿಮಾಡಿ ಕೊಟ್ಟ ಖಾಲಿ ಪತ್ರಗಳಲ್ಲಿ ತನಗೆ ಬೇಕಾದ ಮೊತ್ತ ತುಂಬಿಕೊಂಡ. ಸಾಲಗಾರರ ಜೈಲಿಗೆ ಹೆದರಿ 1815ರಲ್ಲಿ ಫ್ರಾನ್ಸಿಗೆ ಹೋದಳು. 1816ರ ಜುಲೈ 5ರಂದು ಪ್ಯಾರಿಸ್ ಬಳಿಯ ಸೆಂಟ್ ಕ್ಲೂನಲ್ಲಿ ತೀರಿಕೊಂಡಳು. ಹತ್ತಿರ ಮಕ್ಕಳು ಒಬ್ಬರೂ ಇರಲಿಲ್ಲ. ಅವಳು ಸತ್ತಿಲ್ಲ, ಲಂಡನ್ನಿನ ಬೀದಿಯಲ್ಲಿ ಕಂಡೆವು ಅನ್ನುವವರು ಬಹಳ ದಿನ ಇದ್ದರು.

ಮರುವರ್ಷ ಯುವರಾಜನ ಒಬ್ಬಳೇ ಮಗಳು ಶಾರ್ಲಟ್ ಹೆರಿಗೆಯಲ್ಲಿ ತೀರಿಹೋದಳು. ಸಿಂಹಾಸನಕ್ಕೆ ಮುಂದಿನ ತಲೆಮಾರಿನಲ್ಲಿ ಯಾರೂ ಇಲ್ಲ! ರಾಜಪುತ್ರರೆಲ್ಲ ಅವಸರದಲ್ಲಿ ಮದುವೆಗೆ ಬಿದ್ದರು. ವಿಲಿಯಂ 1818ರಲ್ಲಿ ಜರ್ಮನಿಯ ಆಡಲೇಡಳನ್ನು ಕೈಹಿಡಿದ. ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಉಳಿಯಲಿಲ್ಲ. 1827ರಲ್ಲಿ ನಡುವಿನ ಅಣ್ಣ ತೀರಿಕೊಂಡು ವಿಲಿಯಂ ಉತ್ತರಾಧಿಕಾರಿಯಾದ, 1830ರಲ್ಲಿ ನಾಲ್ಕನೆಯ ವಿಲಿಯಂ ದೊರೆಯಾದ. ಮನೆತುಂಬ ಮಕ್ಕಳಿದ್ದ ಈ ದೊರೆ 1837ರಲ್ಲಿ ವಾರಸುದಾರರಿಲ್ಲದೆ ಸತ್ತ ಎಂದು ಚರಿತ್ರೆ ಬರೆಯಿತು. ಕಿರೀಟ ತಮ್ಮನ ಮಗಳು ವಿಕ್ಟೋರಿಯಾಳ ತಲೆಗೆ ಹೋಯಿತು.

ದೊರೆಯಾದ ಕೂಡಲೇ ವಿಲಿಯಂ ಮಾಡಿದ ಕೆಲಸಗಳಲ್ಲಿ ಒಂದು, ಶಿಲ್ಪಿ ಚಾಂಟ್ರಿಯನ್ನು ಕರೆಸಿ ಡೋರಾಳ ಅಮೃತಶಿಲೆಯ ವಿಗ್ರಹಕ್ಕೆ ಹೇಳಿದ್ದು. ವಿಗ್ರಹವೇನೋ ಆಯಿತು, ಇಡಲು ಜಾಗವಿಲ್ಲ. ವೆಸ್ಟ್‌ಮಿನ್‌ಸ್ಟರ್ ಚರ್ಚಿನ ಹಿರಿಯರು ಒಳಗೆ ಬಿಡಲಿಲ್ಲ. ಕಡೆಗೆ ಪಾದ್ರಿಯಾಗಿದ್ದ ಮಗ ಅಗಸ್ಟಸ್ ಮೇಪಲ್‌ಡರಂ ಎಂಬ ಹಳ್ಳಿಗೆ ಒಯ್ದ. ಮನೆತನದವರ ಕೈಯಲ್ಲೇ ಇದ್ದದ್ದು 1975ರಲ್ಲಿ ಉಯಿಲಿನ ಮೂಲಕ ಎರಡನೆಯ ಎಲಿಜಬೆತ್ ರಾಣಿಗೆ ಬಂತು. ಈಗ ಬಕಿಂಗ್‌ಹ್ಯಾಮ್ ಅರಮನೆಯಲ್ಲಿದೆ. ಕೂತ ಹೆಂಗಸು, ಎದೆಗೊಂದು ಕೂಸು, ಮಗ್ಗುಲಿಗೊಂದು ಮಗು. ಕಾಲ ಬಳಿ ನಾಟಕದ ಮುಖವಾಡ.

ನಮಸ್ಕಾರ.