ಮೊದಲು ಬೆನ್ನು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆ ಲ್ಯಾಪ್‌ಟಾಪ್ ಕೊಳ್ಳಲು ಹೋದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಮುಚ್ಚಳ ತೆಗೆದು ಆನ್ ಮಾಡುತ್ತಾರೆ. ಪರದೆ ಚೆನ್ನಾಗಿ ಬೆಳಗಿತು ಅಂದ್ರೆ ಮನಸ್ಸು ಸೋತುಹೋಗುತ್ತದೆ. ದಯವಿಟ್ಟು ಮುಚ್ಚಳ ಆಮೇಲೆ ತೆಗೆಯಿರಿ. ಮೊದಲು ಅದನ್ನು ಬೋರಲು ಹಾಕಿ, ಬೆನ್ನು ನೋಡಿ.

ಬ್ಯಾಟರಿ ಬಿಡಿಸುವ ಚಿಲಕ ಇದೆಯಾ? ಕೆಲಸದ ಹೊತ್ತಿನ ನೆನಪು ಹಿಡಿದಿಡುವ ರ‍್ಯಾಮ್ ಕೂತಿರುವ ಜಾಗಕ್ಕೆ ಬೇರೆಯೇ ಒಂದು ಪುಟ್ಟ ಮುಚ್ಚಳ ಇದೆಯಾ? ಸ್ಕ್ರೂಗಳಿಗೆ ನಮ್ಮ ಕೈಯಲ್ಲಿರುವ ಪ್ಲಸ್ ಸ್ಕ್ರೂಡ್ರೈವರ್ ಸಾಕಾ? ಸಾಕು ಅನ್ನಿಸಿದರೆ, ಈ ಯಂತ್ರವನ್ನು ಯಾರೋ ಒಬ್ಬರು ಮುಂದೆ ಬಿಚ್ಚುತ್ತಾರೆ ಅಂತ ಮಾಡಿದವರೇ ಯೋಚಿಸಿದ್ದಾರೆ. ನುಣ್ಣಗೆ, ಒಂದು ಸಂದೂ ಕಾಣದ ಬೆನ್ನಾದರೆ ಎಚ್ಚರವಾಗಿರಿ. ಒಳಗೆ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿರಬಹುದು. ರ‍್ಯಾಮ್ ಅನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರಬಹುದು. ಹತ್ತು ಹದಿನೈದು ವರ್ಷ ದುಡಿದ ಯಂತ್ರದಲ್ಲಿ ಏನಾದರೊಂದು ಕೆಟ್ಟೇ ಕೆಡುತ್ತದೆ. ಆಗ ಕೆಟ್ಟ ಭಾಗವೊಂದನ್ನೇ ತೆಗೆದು ಬದಲಾಯಿಸಲು ಬರಬೇಕು. ನನಗೆ ವೇಗಕ್ಕಿಂತ ಇದೇ ಮುಖ್ಯ.

ಹಾಗಾದರೆ ಯಾವುದನ್ನು ಕೊಳ್ಳುವುದು? ಕಚೇರಿಗಳಿಗೆಂದು ಮಾಡಿದ ಮಾದರಿಗಳನ್ನು ಹುಡುಕಿ. ದೊಡ್ಡ ಕಂಪನಿಗಳು ಒಂದೇ ಮಾದರಿಯನ್ನು ಸಾವಿರಗಟ್ಟಲೆ ಕೊಂಡು, ಕೆಲವು ವರ್ಷ ಬಳಸಿ, ಒಟ್ಟಿಗೇ ಮಾರಿಬಿಡುತ್ತವೆ. ಅದಕ್ಕೇ ಅವುಗಳ ಬಿಡಿಭಾಗ ಜಾಸ್ತಿ ಸಿಗುತ್ತವೆ. ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೀಟ್‌ಬುಕ್, ಥಿಂಕ್‌ಪ್ಯಾಡ್ ಎಲ್ಲ ಈ ಸಾಲಿನವು. ನನ್ನ ಕೈ ಪಳಗಿರುವುದು ಥಿಂಕ್‌ಪ್ಯಾಡ್‌ನಲ್ಲಿ. 1992ರಲ್ಲಿ ಐಬಿಎಂ ಶುರು ಮಾಡಿದ ಸಾಲು ಇದು. 2005ರಲ್ಲಿ ಲೆನೊವೊ ಕೈಗೆ ಬಂತು. ಪ್ರತಿ ಮಾದರಿಗೂ ರಿಪೇರಿ ಕೈಪಿಡಿ ಇದೆ. ಯಾವ ಸ್ಕ್ರೂ ಎಲ್ಲಿದೆ, ಯಾವುದಾದ ಮೇಲೆ ಯಾವುದನ್ನು ತೆಗೆಯಬೇಕು ಅಂತ ಚಿತ್ರ ಸಮೇತ ಹೇಳುತ್ತದೆ. ಅದನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು.

2011ರ ಎಕ್ಸ್ 220 ಎಂಬ ಥಿಂಕ್‌ಪ್ಯಾಡ್ ಒಂದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇವೆ ಅಂದುಕೊಳ್ಳಿ. ಕೀಬೋರ್ಡ್ ಬದಲಾಯಿಸಬೇಕು. ಚಾರ್ಜರ್ ತೆಗೆದು, ಬ್ಯಾಟರಿಯನ್ನೂ ಬಿಡಿಸಿ ಪಕ್ಕಕ್ಕಿಡಿ. ಬೋರಲು ಹಾಕಿದರೆ ಕೆಲವು ಸ್ಕ್ರೂಗಳ ಪಕ್ಕ ಪುಟ್ಟ ಕೀಬೋರ್ಡಿನ ಗುರುತು ಕಾಣುತ್ತದೆ. ಅವನ್ನಷ್ಟೇ ಬಿಚ್ಚಿ. ಯಂತ್ರವನ್ನು ಮತ್ತೆ ನೇರ ಮಾಡಿ, ಎರಡೂ ಅಂಗೈ ಊರಿ ಕೀಬೋರ್ಡನ್ನು ಪರದೆಯ ಕಡೆಗೆ ಮೆಲ್ಲಗೆ ತಳ್ಳಿ. ಒಂದು ಕೂದಲೆಳೆಯಷ್ಟು ಜರುಗುತ್ತದೆ. ಮುಂದಿನ ಅಂಚು ತಾನೇ ಮೇಲೇಳುತ್ತದೆ. ಅಡಿಯಲ್ಲಿ ಒಂದು ಚಪ್ಪಟೆ ಕೇಬಲ್ ಇರುತ್ತದೆ, ಅದನ್ನು ಎಳೆಯದೆ ಕನೆಕ್ಟರನ್ನೇ ಹಿಡಿದು ಬಿಡಿಸಿ. ಮುಗಿಯಿತು. ಮೊದಲ ಸಲ ಮಾಡುವವರಿಗೂ ಅರ್ಧ ಗಂಟೆ ಬೇಡ.

ಇನ್ನೂ ಒಂದು ಒಳ್ಳೆಯ ವಿಷಯ ಇದೆ. ಅದೇ ಕೀಬೋರ್ಡ್ ಟಿ 410, ಟಿ 420, ಟಿ 520ಕ್ಕೂ ಸರಿಯಾಗಿ ಕೂರುತ್ತದೆ. ಚಾರ್ಜರ್ ಪಿನ್ ಕೂಡ ಹಾಗೇ. 2006ರ ಟಿ 60ರಿಂದ 2012ರ ಟಿ 430ರ ತನಕ ಅದೇ ದುಂಡನೆಯ 20 ವೋಲ್ಟ್ ಪಿನ್. ಬಿಡಿಭಾಗ ಹುಡುಕಿ ಅಲೆದವರಿಗೆ ಇದರ ಬೆಲೆ ಗೊತ್ತು.

ಆ್ಯಪಲ್ ಬೇಕು ಅನ್ನುವವರಿಗೆ 2012ರ ಮಧ್ಯದಲ್ಲಿ ಬಂದ 13 ಇಂಚಿನ ಮ್ಯಾಕ್‌ಬುಕ್ ಪ್ರೊ ಹೇಳುತ್ತೇನೆ. ರೆಟಿನಾ ಪರದೆ ಇಲ್ಲದ, ಸಿಡಿ ಡ್ರೈವ್ ಇರುವ ಮಾದರಿ. ಬೆನ್ನಿನ ಹತ್ತು ಸ್ಕ್ರೂ ಬಿಚ್ಚಿದರೆ ರ‍್ಯಾಮ್, ಹಾರ್ಡ್ ಡಿಸ್ಕ್ ಎರಡೂ ಕೈಗೆ ಸಿಗುತ್ತವೆ. 2016ರ ತನಕ ಮಾರಾಟದಲ್ಲಿತ್ತು. 2012ರಲ್ಲೇ ಬಂದ ರೆಟಿನಾ ಮಾದರಿಯಲ್ಲಿ ರ‍್ಯಾಮ್ ಬೆಸುಗೆ ಹಾಕಿದ್ದು, ಬ್ಯಾಟರಿ ಅಂಟಿಸಿದ್ದು. ನೋಡಲು ಚಂದ, ಆದರೆ ರಿಪೇರಿ ಕಷ್ಟ.

ಇನ್ನು ಹೊರಗೆ ಕಾಣದ ಕಾಯಿಲೆಗಳು. ಇಲ್ಲೇ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು.

ಮೊದಲನೆಯದು ಗ್ರಾಫಿಕ್ಸ್ ಚಿಪ್, ಅಂದರೆ ಪರದೆಗೆ ಚಿತ್ರ ಮೂಡಿಸುವ ಚಿಪ್. 2007, 2008ರ ಸುಮಾರಿನ ಎನ್‌ವಿಡಿಯಾ ಚಿಪ್ಪುಗಳು ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾಗಿ ಒಳಗಿನ ಬೆಸುಗೆ ಬಿರುಕು ಬಿಡುತ್ತಿದ್ದವು. 2008ರಲ್ಲಿ ಆ ಕಂಪನಿಯೇ ಇದಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. 2011ರ 15 ಮತ್ತು 17 ಇಂಚಿನ ಮ್ಯಾಕ್‌ಬುಕ್ ಪ್ರೊಗಳಿಗೂ ಗ್ರಾಫಿಕ್ಸ್ ತೊಂದರೆ ಬಂತು. ಆ್ಯಪಲ್ 2015ರಲ್ಲಿ ಉಚಿತ ರಿಪೇರಿ ಘೋಷಿಸಬೇಕಾಯಿತು. ಚಿಪ್ ಬಿಸಿ ಮಾಡಿ ಸರಿ ಮಾಡಿದ್ದೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದುಬನ್ನಿ. ಅದು ಸ್ವಲ್ಪ ದಿನದ ಮಾತು. ಆ ಕಾಲದ ಯಂತ್ರವೇ ಬೇಕಾದರೆ ಬೇರೆ ಗ್ರಾಫಿಕ್ಸ್ ಚಿಪ್ ಇಲ್ಲದ, ಬರೀ ಇಂಟೆಲ್‌ನದೇ ಗ್ರಾಫಿಕ್ಸ್ ಇರುವುದನ್ನು ಆರಿಸಿ.

ಎರಡನೆಯದು ಪಾಸ್‌ವರ್ಡ್. ಇದು ನನಗೇ ಆದ ನೋವು. ಒಮ್ಮೆ ಒಬ್ಬರಿಂದ ತುಂಬ ಚೆನ್ನಾಗಿದ್ದ ಒಂದು ಯಂತ್ರ ಕೊಂಡೆ. ಮನೆಗೆ ತಂದು ಬಯೋಸ್, ಅಂದರೆ ಯಂತ್ರದ ಮೂಲ ಸೆಟ್ಟಿಂಗ್ ಇರುವ ಜಾಗ, ತೆರೆದರೆ ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿತು. ಮಾರಿದವರಿಗೂ ಅದು ಗೊತ್ತಿರಲಿಲ್ಲ. ಒಳಗಿನ ಬಿಲ್ಲೆ ಬ್ಯಾಟರಿ ತೆಗೆದರೆ ಅಳಿಸಿಹೋಗುತ್ತೆ ಅಂತ ಹಲವರು ಹೇಳುತ್ತಾರೆ. ಥಿಂಕ್‌ಪ್ಯಾಡ್‌ಗಳಲ್ಲಿ ಅದು ನಡೆಯುವುದಿಲ್ಲ. ಪಾಸ್‌ವರ್ಡ್ ಬೇರೊಂದು ಪುಟ್ಟ ಚಿಪ್ಪಿನಲ್ಲಿ ಕೂತಿರುತ್ತದೆ, ಕರೆಂಟ್ ಇಲ್ಲದಿದ್ದರೂ ಮರೆಯುವುದಿಲ್ಲ. ಈಗ ನಾನು ದುಡ್ಡು ಕೊಡುವ ಮೊದಲೇ ಆನ್ ಮಾಡಿ, ಥಿಂಕ್‌ಪ್ಯಾಡ್ ಆದರೆ ಎಫ್1 ಒತ್ತಿ, ಬಯೋಸ್ ಒಳಗೆ ಹೋಗಿ, ಒಂದು ಸೆಟ್ಟಿಂಗ್ ಬದಲಿಸಿ, ಸೇವ್ ಮಾಡಿ ನೋಡುತ್ತೇನೆ. ನೀವೂ ಮಾಡಿ, ಎರಡೇ ನಿಮಿಷ.

ಬ್ಯಾಟರಿ ವಿಷಯದಲ್ಲಿ ಎರಡು ಮಾತು. 2012ರ ಥಿಂಕ್‌ಪ್ಯಾಡ್‌ಗಳಿಂದ ಮುಂದೆ ಕಂಪನಿಯದಲ್ಲದ ಬ್ಯಾಟರಿ ಹಾಕಿದರೆ ಚಾರ್ಜ್ ಮಾಡಲು ನಿರಾಕರಿಸುತ್ತವೆ. 2011ರವು ಹಾಗಲ್ಲ. ನಾನು ಎಕ್ಸ್ 220, ಟಿ 420 ಕಡೆಗೇ ವಾಲುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು, ಪೆಟ್ಟಿಗೆಯಿಂದ ಹೊರಗೇ ತೆಗೆಯದ ಹಳೆ ಬ್ಯಾಟರಿ ಅಂದರೆ ಹೊಸದು ಅಂತಲ್ಲ. ಲಿಥಿಯಂ ಬ್ಯಾಟರಿ ಸುಮ್ನೆ ಇಟ್ಟರೂ ಮುಪ್ಪಾಗುತ್ತದೆ. ತಯಾರಾದ ದಿನಾಂಕ ನೋಡಿ. ಟಚ್‌ಪ್ಯಾಡ್ ಉಬ್ಬಿದ್ದರೆ, ಅಡಿಭಾಗ ಮೇಜಿನ ಮೇಲೆ ಸಮನಾಗಿ ಕೂರದೆ ಅಲ್ಲಾಡಿದರೆ, ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತುವ ವಸ್ತು ಅದು.

1990ರ ದಶಕದ ಯಂತ್ರ ಇಷ್ಟಪಡುವವರೂ ಇದ್ದೀರಿ, ನನಗೂ ಅವುಗಳ ಮೇಲೆ ಪ್ರೀತಿ. ಆದರೆ ಅವು ದಿನಬಳಕೆಗಲ್ಲ. ಗಡಿಯಾರ ಕಾಯುವ ಚಿಕ್ಕ ಬ್ಯಾಟರಿ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದಿರುತ್ತದೆ. ಕೊಂಡ ದಿನವೇ ಬಿಚ್ಚಿ ಅದನ್ನು ತೆಗೆದುಬಿಡಿ. ಕೆಲವು ಪರದೆಗಳ ಪೊರೆ ಕೊಳೆತು ಹುಳಿ ವಾಸನೆ ಬರುತ್ತದೆ. ಮೂಗು ಹತ್ತಿರ ಇಟ್ಟು ನೋಡಿ.

ಪರದೆಯ ಕೀಲನ್ನು ಮಾತ್ರ ಯಾವ ಕಾಲದ್ದಾದರೂ ಪರೀಕ್ಷೆ ಮಾಡಿ. ನಿಧಾನವಾಗಿ ತೆರೆಯುತ್ತಾ ಮೂಲೆಯ ಪ್ಲಾಸ್ಟಿಕ್ ಮೇಲೆ ಕಣ್ಣಿಡಿ. ಕೀಲು ಬಿಗಿಯಾಗಿ, ಪ್ಲಾಸ್ಟಿಕ್ ಬಾಯಿ ಬಿಟ್ಟರೆ, ಒಳಗೆ ಸ್ಕ್ರೂ ಹಿಡಿಯುವ ಹಿತ್ತಾಳೆಯ ಬಳೆ ಕಿತ್ತುಬಂದಿದೆ ಅಂತ ತಿಳಿಯಿರಿ. ಸ್ವಲ್ಪ ಸಡಿಲ ಇರುವ ಕೀಲು ಇದಕ್ಕಿಂತ ಎಷ್ಟೋ ವಾಸಿ.

ಇಷ್ಟೆಲ್ಲ ಮಾಡಿ ತಂದ ಯಂತ್ರ ಇವತ್ತು ಏನು ಕೆಲಸಕ್ಕೆ ಬರುತ್ತದೆ? ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 8 ಜಿಬಿ ಮಾಡಿದರೆ 2011ರ ಯಂತ್ರದಲ್ಲಿ ಬರೆಯುವುದು, ಮೇಲ್, ಲೆಕ್ಕಪತ್ರ ಎಲ್ಲ ಸಲೀಸು. ಎಕ್ಸ್ 220ಗೆ ಕೊಳ್ಳುವಾಗ 7 ಮಿಲಿಮೀಟರ್ ದಪ್ಪದ ಡಿಸ್ಕೇ ತನ್ನಿ, 9.5 ಮಿಲಿಮೀಟರಿನದು ಒಳಗೆ ಹೋಗುವುದಿಲ್ಲ. ಆನ್‌ಲೈನ್ ವೀಡಿಯೊ ನೋಡುವಾಗ ಫ್ಯಾನ್ ಜೋರಾಗಬಹುದು. ಈಗಿನ ಹೊಸ ವೀಡಿಯೊ ಬಗೆಗಳು ಆಗಿನ ಚಿಪ್ಪಿಗೆ ಗೊತ್ತಿಲ್ಲ, ಪ್ರೊಸೆಸರ್ ಒಂದೇ ಏಗಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಇವುಗಳನ್ನು ಒಪ್ಪುವುದಿಲ್ಲ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಹಾಕಿ. ಅಲ್ಲೂ 64 ಬಿಟ್ ಪ್ರೊಸೆಸರ್ ಇದೆಯಾ ನೋಡಿಕೊಳ್ಳಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್‌ನಲ್ಲಿ ಹಳೆ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದ್ದಾರೆ.

ನಿಮಗೆ ಹಿಡಿಸಿದ ಮಾದರಿ ಸಿಕ್ಕಿತಾ? ಹಾಗಾದರೆ ಅದರದೇ ಜಾತಿಯ ಕೆಟ್ಟುಹೋದ ಇನ್ನೊಂದನ್ನೂ ತಂದಿಟ್ಟುಕೊಳ್ಳಿ. ನನ್ನ ಕಪಾಟಿನಲ್ಲಿ ಬೋರ್ಡ್ ಸತ್ತ ಒಂದು ಟಿ 420 ಇದೆ. ಅದರ ರ‍್ಯಾಮ್, ಕೀಬೋರ್ಡ್ ಎರಡೂ ಈಗ ನನ್ನ ಎಕ್ಸ್ 220ರಲ್ಲಿವೆ. ಈ ಭಾಷಣವನ್ನು ಟೈಪ್ ಮಾಡಿದ್ದು ಅದರಲ್ಲೇ.

ನಮಸ್ಕಾರ.