ಅಕೇಶಿಯಾ ಹೊಗಳುವ ಮೊದಲು ಅದರ ತವರು ನೋಡಿ

ನಮಸ್ಕಾರ. ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಅಕೇಶಿಯಾ ನಮ್ಮ ಮಣ್ಣಿಗೇ ಹೇಳಿ ಮಾಡಿಸಿದ ಮರ. ಚಿರೇಕಲ್ಲಿನ ಬೋಳುಗುಡ್ಡದಲ್ಲೂ ಎದ್ದು ನಿಲ್ತದೆ. ನೀವು ಸುಮ್ಮನೆ ಮತ್ತಿ, ಹೊನ್ನೆ ಅಂತ ಊರಿನ ಮರಗಳಿಗಾಗಿ ಕೂಗಾಡ್ತೀರಿ." ಇದಕ್ಕೆ ನೂರಾರು ಲೈಕ್ ಬೇರೆ!

ಮಾರಾಯ್ರೇ, ಒಂದು ಮರ ಇಲ್ಲಿ ಹೇಗಿದೆ ಅಂತಷ್ಟೇ ನೋಡಿದರೆ ಅರ್ಧ ಲೆಕ್ಕ. ತವರಿನಲ್ಲಿ ಹೇಗಿದೆ, ಅದನ್ನೂ ನೋಡಿ.

ನಮ್ಮ ಗುಡ್ಡಗಳಲ್ಲಿ ನೆಟ್ಟಿರುವ ಅಕೇಶಿಯಾದ (ಅಕೇಶಿಯಾ ಆರಿಕ್ಯುಲಿಫಾರ್ಮಿಸ್) ತವರು ಉತ್ತರ ಆಸ್ಟ್ರೇಲಿಯಾ, ಪಾಪುವಾ ನ್ಯೂಗಿನಿ ಮತ್ತು ಇಂಡೋನೇಷ್ಯಾದ ಪೂರ್ವದ ಕೆಲವು ದ್ವೀಪಗಳು. ಅಲ್ಲಿ ಅದರ ಎಲೆ ತಿನ್ನುವ ಜೀರುಂಡೆ ಇದೆ, ಗಂಟು ಕಟ್ಟಿಸುವ ಕೀಟ ಇದೆ, ಬೀಜ ಕೊರೆಯುವ ಹುಳ ಇದೆ, ತುಕ್ಕು ರೋಗ ಇದೆ. ನಾವು ತಂದದ್ದು ಒಣಗಿಸಿ ಆರಿಸಿದ ಬೀಜ. ಬೀಜದ ಚೀಲದಲ್ಲಿ ಎಲೆಯ ಶತ್ರು ಬರುವುದಿಲ್ಲ. ಮರ ಬಂತು, ಅದನ್ನು ತಿನ್ನುವವರು ಅಲ್ಲೇ ಉಳಿದರು.

ಇದು ನನ್ನ ಕಲ್ಪನೆಯಲ್ಲ. ಯುರೋಪಿನಿಂದ ಅಮೆರಿಕಕ್ಕೆ ಹೋಗಿ ನೆಲೆಯೂರಿದ 473 ಜಾತಿಯ ಗಿಡಗಳ ರೋಗಗಳನ್ನು ತಾಳೆ ನೋಡಿದ ಅಧ್ಯಯನ 2003ರಲ್ಲಿ ಬಂತು. ಹೊಸ ನೆಲದಲ್ಲಿ ಅವಕ್ಕೆ ತಗಲುವ ಶಿಲೀಂಧ್ರಗಳ ಜಾತಿ ಸರಾಸರಿ ಶೇ. 84 ಕಡಿಮೆ, ವೈರಸ್ ಶೇ. 24 ಕಡಿಮೆ.

"ಬೇರಿನ ಗಂಟಲ್ಲಿ ಸಾರಜನಕ ಹಿಡಿದಿಡ್ತದಲ್ಲ, ಅದಕ್ಕೇ ಬೆಳೀತದೆ" ಅಂತೀರಾ? ಹಿಡಿದಿಡ್ತದೆ, ನಿಜ. ತವರಿನಲ್ಲೂ ಅದೇ ಬೇರು, ಅದೇ ಗಂಟು! ವ್ಯತ್ಯಾಸ ಎಲ್ಲಿಂದ ಬಂತು ಹೇಳಿ.

ಗಿಡವೇ ಬದಲಾಯಿತೋ, ಸುತ್ತಲಿನ ಪರಿಸ್ಥಿತಿಯೋ ಅಂತ ಸರಿಯಾಗಿ ಪರೀಕ್ಷೆ ಮಾಡಬೇಕೇ? ತವರಿನ ಬೀಜ, ಇಲ್ಲಿನ ಬೀಜ ಎರಡನ್ನೂ ಒಂದೇ ನರ್ಸರಿಯಲ್ಲಿ, ಒಂದೇ ಮಣ್ಣು, ಒಂದೇ ಅಳತೆಯ ಚೀಲ, ಒಂದೇ ನೀರಿನಲ್ಲಿ ಬೆಳೆಸಬೇಕು. ಒಂದೆರಡು ಮರದ ಬೀಜ ಸಾಲದು. ದೂರ ದೂರದ ಹಲವು ತಾಯಿಮರಗಳಿಂದ ಆರಿಸಿ, ಒಂದೊಂದಕ್ಕೂ ಬೇರೆ ಗುರುತು ಹಾಕಬೇಕು. ಸಿಪ್ಪೆ ಗಟ್ಟಿ, ಹಾಗಾಗಿ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಆಮೇಲೆ ತಣ್ಣೀರಿನಲ್ಲಿ ಒಂದು ದಿನ ನೆನೆಸಬೇಕು. ಇದನ್ನು ಬಿಟ್ಟರೆ ಮೊಳಕೆ ಹಿಂದುಮುಂದಾಗಿ ಬರ್ತದೆ, ಮೊದಲು ಮೊಳೆತ ಸಸಿಯನ್ನು ನೀವು ಬಲಶಾಲಿ ಅಂದುಕೊಳ್ತೀರಿ. ದಪ್ಪ ಬೀಜದ ಸಸಿ ಶುರುವಿನಲ್ಲಿ ಹೇಗೂ ಮುಂದಿರ್ತದೆ, ಆದ್ದರಿಂದ ಬಿತ್ತುವ ಮೊದಲು ಬೀಜದ ತೂಕ ಬರೆದಿಡಿ. ಒಂದೇ ನರ್ಸರಿಯಲ್ಲೂ ಇಲ್ಲಿನದ್ದು ಎತ್ತರ ಬಂದರೆ ಗುಣವೇ ಬದಲಾಗಿದೆ. ಎರಡೂ ಸಮ ಬಂದರೆ ಗಿಡ ಅದೇ, ಸುತ್ತಲಿನ ಪರಿಸ್ಥಿತಿ ಬೇರೆ. ಅದಕ್ಕೇ ಹೇಳೋದು, ತವರು ನೋಡಿ!

ಇನ್ನೂ ಬೇಕೇ? ದಕ್ಷಿಣ ಆಫ್ರಿಕಾಕ್ಕೆ ಹೋಗಿ. ಆಸ್ಟ್ರೇಲಿಯಾದ ಇನ್ನೊಂದು ಜಾತಿಯ ಅಕೇಶಿಯಾ (ಲಾಂಗಿಫೋಲಿಯಾ) ಅಲ್ಲಿ ಕರಾವಳಿಯಲ್ಲಿ ವಿಪರೀತ ಹಬ್ಬಿತ್ತು. 1980ರ ದಶಕದಲ್ಲಿ ಅದರ ಮೊಗ್ಗಿನಲ್ಲಿ ಗಂಟು ಕಟ್ಟಿಸುವ ಪುಟ್ಟ ಕಣಜವನ್ನು ತವರಿನಿಂದಲೇ ತಂದು ಬಿಟ್ಟರು. ಬೀಜ ಕಟ್ಟುವುದು ಪಾತಾಳಕ್ಕೆ ಇಳಿಯಿತು. ಅದೇ ಮಣ್ಣು, ಅದೇ ಮಳೆ. ಬಂದದ್ದು ಶತ್ರು ಒಂದೇ!

"ಹಾಗಾದ್ರೆ ಗೇರು ಕೂಡ ಬ್ರೆಜಿಲ್‌ನದ್ದೇ, ಅದನ್ನೂ ಕಡೀತೀರಾ?" ಈ ಪ್ರಶ್ನೆ ಬಂದೇ ಬರ್ತದೆ. ಕಡಿಯಿರಿ ಅಂತ ಯಾರು ಹೇಳಿದ್ದು? ಗೇರಿನ ಚಿಗುರಿಗೆ, ಹೂವಿಗೆ ಬೀಳುವ ಟೀ ಸೊಳ್ಳೆ ನಮ್ಮೂರಿನದ್ದೇ ಕೀಟ. ಹೊರಗಿನ ಗಿಡಕ್ಕೆ ಇಲ್ಲಿನ ಶತ್ರು ಅಂಟಿಕೊಂಡದ್ದಕ್ಕೆ ಅಂಕೋಲಾ, ಕುಮಟಾದ ಗೇರು ಬೆಳೆಗಾರರೇ ಸಾಕ್ಷಿ.

ಓದಿಕೊಂಡ ಇನ್ನೊಬ್ಬರು 2013ರ ಅಧ್ಯಯನ ಎತ್ತಿ ತೋರಿಸಿದ್ದಾರೆ. 53 ಪ್ರಾಣಿ–ಸಸ್ಯ ಜಾತಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಹೊಸ ನೆಲದಲ್ಲೂ ತವರಿನಲ್ಲೂ ದೊಡ್ಡ ವ್ಯತ್ಯಾಸವಿಲ್ಲ ಅಂತ. ಇರಲಿ ಸ್ವಾಮಿ. ಉಳಿದರ್ಧ? ನಮ್ಮ ಗುಡ್ಡ ತುಂಬಿಕೊಂಡಿರುವುದು ಆ ಉಳಿದರ್ಧವೇ.

ಶತ್ರು ಇಲ್ಲದ ಈ ಸುಖ ಶಾಶ್ವತ ಅಂದುಕೊಂಡವರಿಗೆ ಸುಬಾಬುಲ್ ನೆನಪಿದೆಯೇ? ಮೇವಿಗೆ, ಸೌದೆಗೆ ಇದೇ ಅಂತ ಊರೂರಲ್ಲಿ ನೆಟ್ಟರು. ಅದರ ತವರಿನ ಕಡೆಯ ಸಿಲ್ಲಿಡ್ ಅನ್ನುವ, ಚಿಗುರಿನ ರಸ ಹೀರುವ ಪುಟ್ಟ ಕೀಟ 1984ರಲ್ಲಿ ಹವಾಯಿಗೆ ಬಂತು, 1988ರ ಹೊತ್ತಿಗೆ ಭಾರತಕ್ಕೂ ಬಂತು, ಚಿಗುರೆಲ್ಲ ಮುರುಟಿತು. ಇಂಡೋನೇಷ್ಯಾದ ಸುಮಾತ್ರಾ, ಮಲೇಷ್ಯಾದ ಸಬಾಗಳಲ್ಲಿ ಅಕೇಶಿಯಾದ್ದೇ ಇನ್ನೊಂದು ಜಾತಿ ಮ್ಯಾಂಜಿಯಂ ತೋಪುಗಳು ಸೆರಟೊಸಿಸ್ಟಿಸ್ ಶಿಲೀಂಧ್ರದ ಬಾಡು ರೋಗಕ್ಕೆ ಸಾಲುಸಾಲಾಗಿ ಸತ್ತವು, ಕಂಪನಿಗಳು ನೀಲಗಿರಿಗೆ ಹೊರಳಿದವು. ಒಂದೇ ಜಾತಿಯ ತೋಪು ನೆಟ್ಟು ಕೂತರೆ ಶತ್ರು ಬಂದ ದಿನ ಗುಡ್ಡ ಪೂರ್ತಿ ಅದರ ಬಾಯಿಗೆ!

ನಂಬಿಕೆ ಇಲ್ಲದವರು ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಹೋಗಿ, ಯಾವ ಮರದ ಎಲೆಗೆ ಎಷ್ಟು ಶತ್ರು ಬಿದ್ದಿದೆ ಅಂತ ಎಣಿಸಿ. ಮತ್ತಿ ಐದು ಮರ, ಅಕೇಶಿಯಾ ಐದು ಮರ. ಒಂದೇ ಎತ್ತರದಲ್ಲಿ, ಒಂದೇ ಬಿಸಿಲಿಗಿರುವ ಕೊಂಬೆ ಆರಿಸಿ, ಚಿಗುರು ಬರುವಾಗಲೇ ದಾರ ಕಟ್ಟಿ, ಪ್ರತಿ ಮರದಲ್ಲಿ 25 ಎಲೆ ಗುರುತಿಸಿ. ಮಳೆಗಾಲ ಮುಗಿದ ಮೇಲೆ ತೂತು, ಗಂಟು, ಕಲೆ ಬೇರೆ ಬೇರೆ ಬರೆಯಿರಿ. ದಾರ ಕಟ್ಟದಿದ್ದರೆ ಲೆಕ್ಕ ತಪ್ಪುತ್ತದೆ, ಪೂರ್ತಿ ತಿಂದ ಎಲೆ ಉದುರಿಹೋಗಿರ್ತದೆ. ಚೆಂದದ ಕೊಂಬೆ ಆರಿಸಬೇಡಿ!

ಪಟ್ಟಿಯ ಫೋಟೋ ಕಳಿಸಿ, ಎಲ್ಲವನ್ನೂ ಚಾನೆಲ್‌ನಲ್ಲಿ ಓದ್ತೇನೆ. ಸಬ್‌ಸ್ಕ್ರೈಬ್ ಮಾಡಿಲ್ಲದವರು ಮಾಡಿ, ಗಂಟೆ ಒತ್ತಿ. ಮುಂದಿನ ವಾರ ಲಂಟಾನ: ಮೇಲೆ ಸವರಿದರೆ ಬುಡದಿಂದ ಹತ್ತಾರು ಚಿಗುರು ಬರ್ತದೆ, ಹಾಗಾಗಿ ನೆಲಮಟ್ಟದ ಕೆಳಗೆ ತಾಯಿಬೇರನ್ನೇ ಕಡಿದು, ಪೊದೆಯನ್ನು ಬುಡಮೇಲಾಗಿ ನಿಲ್ಲಿಸುವುದು ಹೇಗೆ ಅಂತ ತೋರಿಸ್ತೇನೆ. ಕತ್ತಿ ಮಸೆದಿಟ್ಟುಕೊಳ್ಳಿ.