ಮೇಲಿನಿಂದ ನೋಡಿದರೆ ಮಂಜುಗಡ್ಡೆ ಅಷ್ಟೇ ಇದೆ

ನಮಸ್ಕಾರ. ಆರ್ಕ್ಟಿಕ್ ಬಗ್ಗೆ ಮಾತು ಬಂದಾಗಲೆಲ್ಲ ಒಂದು ವಾದ ಎದ್ದು ನಿಲ್ಲುತ್ತದೆ. "2012ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಮುದ್ರದ ಮಂಜುಗಡ್ಡೆ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದಿತ್ತು. ಆಮೇಲೆ ಹತ್ತು ವರ್ಷ ದಾಟಿದರೂ ಆ ದಾಖಲೆ ಮುರಿಯಲಿಲ್ಲ. ಹಾಗಿದ್ದಮೇಲೆ ಕರಗುತ್ತಿದೆ ಅಂತ ಯಾಕೆ ಬೊಬ್ಬೆ?"

ಅಂಕಿ ಸರಿಯಾಗಿದೆ. ಹತ್ತು ವರ್ಷ ದಾಟಿದರೂ ಮುರಿಯಲಿಲ್ಲ ಅನ್ನುವುದೂ ನಿಜ. ನನ್ನ ತಕರಾರು ಬೇರೆ. ಆ ಅಂಕಿ ಏನನ್ನು ಅಳೆಯುತ್ತದೆ ಅಂತ ಯಾರೂ ಕೇಳುವುದಿಲ್ಲ. ವಾದ ಮಾಡುವವರೂ ಕೇಳುವುದಿಲ್ಲ, ಅಲ್ಲಿನ ಬೇಸಿಗೆ ಮುಗಿದು ಮಂಜುಗಡ್ಡೆ ವರ್ಷದಲ್ಲೇ ಅತಿ ಕಡಿಮೆ ಆಗುವ ಪ್ರತಿ ಸೆಪ್ಟೆಂಬರಿನಲ್ಲಿ ಅದನ್ನೇ ಶೀರ್ಷಿಕೆ ಮಾಡುವವರೂ ಕೇಳುವುದಿಲ್ಲ.

ಆ ಅಂಕಿಯ ಹೆಸರು ಮಂಜುಗಡ್ಡೆಯ ವ್ಯಾಪ್ತಿ. ಉಪಗ್ರಹದ ಲೆಕ್ಕದಲ್ಲಿ ಸಮುದ್ರವನ್ನು ಚೌಕ ಚೌಕವಾಗಿ ಹಂಚಿರುತ್ತಾರೆ. ಒಂದೊಂದು ಚೌಕ 25 ಕಿಲೋಮೀಟರ್ ಉದ್ದ, 25 ಕಿಲೋಮೀಟರ್ ಅಗಲ. ಅಂದರೆ 625 ಚದರ ಕಿಲೋಮೀಟರ್. ಅದರಲ್ಲಿ ಶೇಕಡಾ 15ರಷ್ಟು ಮಂಜುಗಡ್ಡೆ ಇದ್ದರೆ ಸಾಕು, ಇಡೀ 625 ಲೆಕ್ಕಕ್ಕೆ ಸೇರುತ್ತದೆ. ಶೇಕಡಾ 14 ಇದ್ದರೆ ಸೊನ್ನೆ. ನೂರು ಕುರ್ಚಿಯ ಸಭಾಂಗಣದಲ್ಲಿ 15 ಜನ ಕೂತ ಕೂಡಲೇ ಹೌಸ್‌ಫುಲ್ ಬೋರ್ಡ್ ಹಾಕಿದ ಹಾಗೆ, ಅಲ್ವಾ?

ಇದು ಮೋಸ ಅಲ್ಲ. ಈ ಉಪಗ್ರಹಗಳು ನೋಡುವುದು ಕಣ್ಣಿಗೆ ಕಾಣದ ಮೈಕ್ರೋವೇವ್ ಅಲೆಗಳಲ್ಲಿ. ಮೋಡ ಕವಿದರೂ, ತಿಂಗಳುಗಟ್ಟಲೆ ಕತ್ತಲಿದ್ದರೂ ಅವುಗಳ ಕೆಲಸ ನಿಲ್ಲುವುದಿಲ್ಲ. ಆದರೆ ಬೇಸಿಗೆಯಲ್ಲಿ ಮಂಜುಗಡ್ಡೆಯ ಮೇಲೆ ಕರಗಿದ ನೀರು ಗುಂಡಿ ಗುಂಡಿಯಾಗಿ ನಿಲ್ಲುತ್ತದೆ. ಅದು ಗುಂಡಿಯ ನೀರೋ, ತೆರೆದ ಸಮುದ್ರವೋ ಅಂತ ಮೈಕ್ರೋವೇವ್‌ಗೆ ಗೊತ್ತಾಗುವುದಿಲ್ಲ. ಒಂದು ಚೌಕದಲ್ಲಿ ಎಷ್ಟಿದೆ ಅಂತ ಪಕ್ಕಾ ಹೇಳುವುದು ಕಷ್ಟ, ಇದೆಯೋ ಇಲ್ಲವೋ ಅಂತ ಹೇಳುವುದು ಸುಲಭ. ಅದಕ್ಕೇ ಈ 15ರ ಗೆರೆ. 1979ರಿಂದ ಒಂದೇ ಪದ್ಧತಿಯಲ್ಲಿ ಲೆಕ್ಕ ಇಟ್ಟುಕೊಂಡು ಬಂದಿರುವುದು ಅದರ ದೊಡ್ಡ ಬಲ. ಹಡಗಿನವರಿಗಂತೂ ಅಂಚು ಎಲ್ಲಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಆದರೆ ಅಂಚಿನ ಒಳಗಡೆ ಏನಿದೆ? ಅದನ್ನು ಈ ಅಂಕಿ ಹೇಳುವುದಿಲ್ಲ.

ಸಮುದ್ರದ ನೀರು ಹೆಪ್ಪುಗಟ್ಟುವುದು ಸುಮಾರು ಮೈನಸ್ 1.8 ಡಿಗ್ರಿಯಲ್ಲಿ. ಮೊದಲು ಸೂಜಿಯಂಥ ಸಣ್ಣ ಹರಳುಗಳು ತೇಲುತ್ತವೆ. ಗಾಳಿ ಇಲ್ಲದಿದ್ದರೆ ಅವು ಕೂಡಿಕೊಂಡು ಒಂದು ತೆಳು ಹಾಳೆ ಆಗುತ್ತದೆ. ಅದಕ್ಕೆ ನೀಲಾಸ್ ಅನ್ನುತ್ತಾರೆ. ಹತ್ತು ಸೆಂಟಿಮೀಟರಿಗಿಂತ ದಪ್ಪ ಇರುವುದಿಲ್ಲ. ಕೆಳಗಿನ ನೀರಿನ ಕಪ್ಪು ಬಣ್ಣ ಅದರೊಳಗಿಂದ ಕಾಣುತ್ತದೆ. ಅಲೆ ಬಂದರೆ ಒಡೆಯುವುದೂ ಇಲ್ಲ, ಬಾಗಿ ಏಳುತ್ತದೆ, ಬಾಗಿ ಇಳಿಯುತ್ತದೆ. ಚಳಿಗಾಲ ಮುಗಿಯುವಷ್ಟರಲ್ಲಿ ಇಂಥ ಹೊಸ ಮಂಜುಗಡ್ಡೆ ಒಂದೂವರೆ ಮೀಟರೋ ಎರಡು ಮೀಟರೋ ಬೆಳೆಯಬಹುದು. ಅದರ ಮೈಯೊಳಗೆ ಉಪ್ಪುನೀರಿನ ಸಣ್ಣ ಸಣ್ಣ ಕೊಳವೆಗಳು ಇನ್ನೂ ಉಳಿದಿರುತ್ತವೆ.

ಒಂದು ಬೇಸಿಗೆ ದಾಟಿ ಉಳಿದ ಮಂಜುಗಡ್ಡೆಯ ಜಾತಿಯೇ ಬೇರೆ. ಮೇಲೆ ಕರಗಿದ ಸಿಹಿನೀರು ಒಳಗಿಳಿದು ಉಪ್ಪನ್ನೆಲ್ಲ ತೊಳೆದುಕೊಂಡು ಹೋಗಿರುತ್ತದೆ. ಕೆಲವು ವರ್ಷ ಹಳೆಯದಾದರೆ ಕರಗಿಸಿ ಕುಡಿಯಬಹುದು. ನಟ್ಟನಡು ಸಮುದ್ರದಲ್ಲಿ ಕುಡಿಯುವ ನೀರು, ಸುಮ್ನೆ ಯೋಚನೆ ಮಾಡಿ. ಮೂರು ನಾಲ್ಕು ಮೀಟರ್ ದಪ್ಪ, ಕಲ್ಲಿನಂತೆ ಗಟ್ಟಿ. ಐಸ್‌ಬ್ರೇಕರ್ ಹಡಗುಗಳಿಗೂ ಇದನ್ನು ಒಡೆಯುವುದು ತ್ರಾಸು.

ವ್ಯಾಪ್ತಿಯ ಲೆಕ್ಕದಲ್ಲಿ ಈ ಎರಡೂ ಒಂದೇ. ಚೌಕ ತುಂಬಿತು, ಮುಗೀತು.

1980ರ ದಶಕದ ನಡುವಿನಲ್ಲಿ ಆರ್ಕ್ಟಿಕ್ ಮಂಜುಗಡ್ಡೆಯ ಮೂರರಲ್ಲಿ ಒಂದು ಪಾಲಿನಷ್ಟು ನಾಲ್ಕು ವರ್ಷಕ್ಕಿಂತ ಹಳೆಯದಿತ್ತು. ಈಗ ಅದು ಶೇಕಡಾ 5ಕ್ಕೂ ಕಡಿಮೆ. ಒಟ್ಟು ಗಾತ್ರದ ಲೆಕ್ಕ ಇನ್ನೂ ಕಟು. 1979ರ ಸೆಪ್ಟೆಂಬರಿನಲ್ಲಿ 16ರಿಂದ 17 ಸಾವಿರ ಘನ ಕಿಲೋಮೀಟರ್ ಇದ್ದಿದ್ದು, ಈಚಿನ ವರ್ಷಗಳಲ್ಲಿ 4–5 ಸಾವಿರದ ಆಸುಪಾಸಿನಲ್ಲಿದೆ. ಇದು ನೇರ ಅಳತೆ ಅಲ್ಲ, ಅಳತೆಗಳನ್ನು ಸೇರಿಸಿಕೊಂಡು ಮಾಡುವ ಕಂಪ್ಯೂಟರ್ ಮಾದರಿಯ ಅಂದಾಜು. ಹಾಗಾಗಿ ಅಂಕಿ ಸ್ವಲ್ಪ ಆಚೀಚೆ ಆಗಬಹುದು. ಆದರೂ ನೋಡಿ, ಅದೇ ಅವಧಿಯಲ್ಲಿ ವ್ಯಾಪ್ತಿ 70 ಲಕ್ಷದ ಹತ್ತಿರದಿಂದ 40–45 ಲಕ್ಷದ ಸುತ್ತಮುತ್ತ ಬಂದಿದೆ. ಹರವು ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಗಿದೆ. ಸರಕು ನಾಲ್ಕರಲ್ಲಿ ಮೂರು ಪಾಲು ಹೋಗಿದೆ. ಯಾವುದನ್ನು ಶೀರ್ಷಿಕೆ ಮಾಡಬೇಕಿತ್ತು, ನೀವೇ ಹೇಳಿ.

ಇನ್ನು ಆ 2012. ಆ ವರ್ಷ ಆಗಸ್ಟ್‌ನಲ್ಲಿ ಆರ್ಕ್ಟಿಕ್ ಮೇಲೆ ಭಾರೀ ಚಂಡಮಾರುತ ಬೀಸಿತ್ತು. ಆಗಲೇ ತೆಳುವಾಗಿದ್ದ ಮಂಜುಗಡ್ಡೆಯನ್ನು ಅದು ಒಡೆದು ಚೆಲ್ಲಾಪಿಲ್ಲಿ ಮಾಡಿತು. ಅಂಥ ವರ್ಷದಿಂದ ಗೆರೆ ಎಳೆಯಲು ಶುರು ಮಾಡಿದರೆ ಮುಂದಿನದ್ದೆಲ್ಲ ಚೇತರಿಕೆ ಥರ ಕಾಣದೆ ಇನ್ನೇನು? ಗಾಳಿಗೆ ಇನ್ನೊಂದು ಆಟವೂ ಗೊತ್ತು. ಚೂರುಗಳನ್ನೆಲ್ಲ ಒತ್ತಟ್ಟಿಗೆ ತಳ್ಳಿದರೆ ಒಂದು ಗ್ರಾಂ ಕರಗದೆ ವ್ಯಾಪ್ತಿ ಇಳಿಯುತ್ತದೆ, ಹರಡಿಬಿಟ್ಟರೆ ಏರುತ್ತದೆ.

ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಕುಸಿತದ ವೇಗ ಕಡಿಮೆಯಾಗಿರುವುದು ಬರೀ ಭ್ರಮೆ ಅಲ್ಲ. ತೆಳು ಮಂಜುಗಡ್ಡೆ ಚಳಿಗಾಲದಲ್ಲಿ ಬೇಗ ದಪ್ಪ ಆಗುತ್ತದೆ. ದಪ್ಪ ಮಂಜುಗಡ್ಡೆ ಸಮುದ್ರದ ಶಾಖವನ್ನು ಒಳಗೇ ಹಿಡಿದಿಡುತ್ತದೆ, ತೆಳುವಾದದ್ದು ಹೊರಗೆ ಬಿಟ್ಟುಬಿಡುತ್ತದೆ. ಶಾಖ ಹೋದಷ್ಟೂ ನೀರು ಹೆಪ್ಪುಗಟ್ಟುತ್ತದೆ. ಹೀಗೆ ಬೆಳೆದದ್ದು ಮಾರನೇ ಬೇಸಿಗೆಗೆ ಅಷ್ಟೇ ಬೇಗ ಹೋಗುತ್ತದೆ ಅನ್ನುವುದು ಬೇರೆ ಮಾತು. ಚಳಿಗಾಲದ ಹರವಿಗೂ ಪೆಟ್ಟು ಬಿದ್ದಿದೆ. 2025ರ ಮಾರ್ಚ್‌ನಲ್ಲಿ ಅದು 143 ಲಕ್ಷ ಚದರ ಕಿಲೋಮೀಟರಿಗೇ ನಿಂತಿತು. ಅಲ್ಲಿಯವರೆಗಿನ ಉಪಗ್ರಹ ದಾಖಲೆಯಲ್ಲೇ ಅತಿ ಕಡಿಮೆ ಚಳಿಗಾಲದ ಗರಿಷ್ಠ ಅದು.

ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಕೆಳಗಿನ ನೀರು. 1893ರಿಂದ 96ರವರೆಗೆ ನಾರ್ವೆಯ ಅನ್ವೇಷಕ ನಾನ್ಸೆನ್ ತನ್ನ ಫ್ರಾಮ್ ಹಡಗನ್ನು ಬೇಕೆಂದೇ ಮಂಜುಗಡ್ಡೆಯಲ್ಲಿ ಸಿಕ್ಕಿಸಿ ತೇಲಲು ಬಿಟ್ಟ. ಆಗ ಆಳದ ನೀರಿನ ಉಷ್ಣತೆ ಅಳೆದರೆ, ಇನ್ನೂರು ಮುನ್ನೂರು ಮೀಟರ್ ಕೆಳಗೆ ನೀರು ಮೇಲಿನದಕ್ಕಿಂತ ಬೆಚ್ಚಗಿತ್ತು! ಅಟ್ಲಾಂಟಿಕ್‌ನಿಂದ ಹರಿದು ಬಂದ ನೀರು ಅದು. ಉಪ್ಪು ಜಾಸ್ತಿ, ಹಾಗಾಗಿ ಭಾರ, ಹಾಗಾಗಿ ಕೆಳಗೆ. ಮೇಲೆ ಲೇನಾ, ಯೆನಿಸೇ, ಮ್ಯಾಕೆಂಜಿ ಥರದ ನದಿಗಳು ತಂದು ಸುರಿದ ಹಗುರ ತಣ್ಣೀರು. ಎರಡರ ನಡುವೆ ಉಪ್ಪಿನಂಶ ಸರಕ್ಕನೆ ಏರುವ ಒಂದು ಪದರ ಇದೆ. ಅದೇ ಹ್ಯಾಲೋಕ್ಲೈನ್. ಕೆಳಗಿನ ಶಾಖ ಮೇಲೆ ಬಾರದಂತೆ ತಡೆದಿರುವುದು ಇದು. ರಷ್ಯಾದ ಉತ್ತರಕ್ಕೆ ಬ್ಯಾರೆಂಟ್ಸ್ ಸಮುದ್ರದಲ್ಲಿ, ಅದರ ಪೂರ್ವದ ಆಳ ಕಡಲಲ್ಲಿ, ಈ ಪದರ ಸೊರಗುತ್ತಿದೆ. ಬೆಚ್ಚಗಿನ ನೀರು ಮೇಲೆ ಬಂದು ಚಳಿಗಾಲದಲ್ಲೂ ಮಂಜುಗಡ್ಡೆಯನ್ನು ತಳದಿಂದ ತಿನ್ನುತ್ತಿದೆ. ವ್ಯಾಪ್ತಿಯ ನಕ್ಷೆಯಲ್ಲಿ ಆ ಚೌಕಗಳು ಬಹಳ ದಿನ ಬೆಳ್ಳಗೇ ಇರುತ್ತವೆ.

ಮುಂದೆ ಒಂದು ದಿನ "ಆರ್ಕ್ಟಿಕ್ ಮಂಜುಗಡ್ಡೆ ಖಾಲಿ" ಅನ್ನುವ ಸುದ್ದಿ ಬರುತ್ತದೆ. 2050ರೊಳಗೆ ಒಂದು ಸೆಪ್ಟೆಂಬರ್ ಆದರೂ ಹಾಗೆ ಆಗುವ ಸಂಭವ ಜಾಸ್ತಿ ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಹೇಳಿದೆ. ಅವತ್ತೇ ಇನ್ಯಾರೋ ದಪ್ಪ ಮಂಜುಗಡ್ಡೆಯ ಫೋಟೋ ಹಾಕಿ "ಎಲ್ಲಿ ಖಾಲಿ?" ಅಂತ ನಗುತ್ತಾರೆ. ಈಗಲೇ ಬರೆದಿಟ್ಟುಕೊಳ್ಳಿ: ವಿಜ್ಞಾನಿಗಳ ಲೆಕ್ಕದಲ್ಲಿ ಖಾಲಿ ಅಂದರೆ 10 ಲಕ್ಷ ಚದರ ಕಿಲೋಮೀಟರಿಗಿಂತ ಕಡಿಮೆ, ಸೊನ್ನೆ ಅಲ್ಲ. ಗ್ರೀನ್‌ಲ್ಯಾಂಡ್ ಮತ್ತು ಕೆನಡಾ ದ್ವೀಪಗಳ ಉತ್ತರದ ದಡಕ್ಕೆ ಗಾಳಿ, ಪ್ರವಾಹ ಎರಡೂ ಮಂಜುಗಡ್ಡೆಯನ್ನು ತಂದು ಒತ್ತಿ ಪೇರಿಸುತ್ತವೆ. ಅಲ್ಲಿನದು ಕೊನೆಯವರೆಗೂ ಹಟ ಹಿಡಿದು ಕೂತಿರುತ್ತದೆ. ಆ ಫೋಟೋ ಬಹುಶಃ ಅಲ್ಲಿಯದೇ ಆಗಿರುತ್ತದೆ.